ಎಲ್ಲಾ ಗುಳಗಿ ಒಟ್ಟಿಗೆ ನೋಡೋರು ಯಾರು?

ಚಿದ್ರಿ ಕಡೆ ಅರವತ್ತು ದಾಟಿದ ಹಿರಿಯರ ಗುಳಗಿ ಚೀಲ ಒಮ್ಮೆ ಬಿಚ್ಚಿ ನೋಡ್ರಿ. ಎದಿಗೆ ಹೈದರಾಬಾದಿನ ಡಾಕ್ಟ್ರ ಚೀಟಿ, ಸಕ್ಕರಿ ಕಾಯಿಲೆಗೆ ಬೀದರಿನವರದು, ಮೊಣಕಾಲಿಗೆ ಮತ್ತೊಬ್ಬರದು. ಪ್ರತಿ ಚೀಟಿಯೂ ತನ್ನ ಮಟ್ಟಿಗೆ ಸರಿ. ಆದರೆ ಎಲ್ಲಾ ಚೀಟಿ ಒಟ್ಟಿಗೆ ಇಟ್ಟು ಓದಿದವರು ಯಾರೂ ಇಲ್ಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದಕ್ಕ ಇಂಟಿಗ್ರೇಷನ್ ಟೆಸ್ಟಿಂಗ್ ಆಗಿಲ್ಲ ಅಂತೀವಿ. ಬಿಡಿಬಿಡಿಯಾಗಿ ಎಲ್ಲಾ ಪಾಸ್, ಕೂಡಿಸಿದ್ರ ಫೇಲ್. ಬಿಪಿಗೆ ಟೆಲ್ಮಿಸಾರ್ಟಾನ್, ಜೊತೆಗೆ ಮೂತ್ರ ಹೆಚ್ಚಿಸುವ ಗುಳಗಿ, ಅದರ ಮ್ಯಾಲ ಮೊಣಕಾಲು ನೋವಿಗೆ ಡೈಕ್ಲೋಫೆನಾಕ್. ಈ ಮೂರೂ ಕೂಡಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ನಮ್ಮ ಬ್ಯಾಸಿಗಿಯಲ್ಲಿ ವಾಂತಿಭೇದಿಯಾಗಿ ಮೈಯೊಳಗಿನ ನೀರು ಹೋದರಂತೂ ಅಪಾಯ ಇನ್ನೂ ಹೆಚ್ಚು.

ಇದನ್ನು ಹಿಡಿಯಬೇಕಾದವರು ಜನರಲ್ ಮೆಡಿಸಿನ್ ಎಂ.ಡಿ. ಮಾಡಿದ ಫಿಜಿಷಿಯನ್. ನಾವು ‘ಜನರಲ್’ ಅಂದ್ರ ಸಾದಾ ಡಾಕ್ಟ್ರು ಅಂತ ತಿಳಕೊಂಡೀವಿ. ಎಂ.ಬಿ.ಬಿ.ಎಸ್. ಆದ ಮ್ಯಾಲೆ 3 ವರ್ಷ ಓದಿದವರು ಅವರು. ಇಡೀ ಮನುಷ್ಯನ್ನ ನೋಡೋದೇ ಅವರ ಸ್ಪೆಷಾಲಿಟಿ.

ತಪ್ಪು ಜನರದಷ್ಟೇ ಅಲ್ಲ, ದುಡ್ಡು ಹರಿಯುವ ದಾರಿಯೂ ಹಂಗೇ ಅದ. ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಶುರುವಾಗಿದ್ದೇ ನಮ್ಮ ಗುಲ್ಬರ್ಗ ವಿಭಾಗದಲ್ಲಿ. ಎದಿ ಆಪರೇಷನ್, ಕ್ಯಾನ್ಸರ್ ಚಿಕಿತ್ಸೆ ಬಡವರಿಗೆ ಪುಕ್ಕಟೆ ಸಿಕ್ಕಿತು. ಅದರಿಂದ ಸಾವು ಕಡಿಮೆಯಾಯ್ತು ಅಂತ 2014ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಅಧ್ಯಯನವೂ ಬಂತು. ಒಳ್ಳೇದೇ ಆಯ್ತು. ಆದರೆ ಅದು ದುಡ್ಡು ಕೊಟ್ಟಿದ್ದು ದೊಡ್ಡ ಚಿಕಿತ್ಸೆಗೆ. ಅರ್ಧ ತಾಸು ಕೂತು, ರೋಗಿಯ ಮಾತು ಕೇಳಿ, ಬೇಡಾದ ಎರಡು ಗುಳಗಿ ಬಿಡಿಸುವ ಡಾಕ್ಟ್ರಿಗೆ ಪ್ಯಾಕೇಜ್ ಎಲ್ಲದ?

ಹಂಗಂತ ಹಳೇ ಕಾಲ ಬಂಗಾರ ಅಂತಲ್ಲ. ಯಾವ ಜ್ವರ ಬಂದರೂ ಒಂದು ಸೂಜಿ, ಒಂದು ಸಲೈನ್ ಬಾಟಲಿ ಹಚ್ಚಿ ಕಳಿಸೋದು ವೈದ್ಯಕೀಯ ಅಲ್ಲ. ನನಗ ಆ ಕಾಲ ವಾಪಸ್ ಬೇಡ. ಬೇಕಾಗಿರೋದು ಬಹಳ ಸಣ್ಣದು: ಬ್ರಿಮ್ಸ್ ಮೆಡಿಸಿನ್ ಒಪಿಡಿಯಲ್ಲಿ ವಾರಕ್ಕೊಂದು ದಿನ ಹಿರಿಯರ ಗುಳಗಿ ಚೀಲ ನೋಡೋಕೇ ಮೀಸಲಿಡಲಿ. ಅಲ್ಲಿ ಕನ್ನಡ, ದಖ್ಖನಿ, ಮರಾಠಿ ಬರುವ ಒಬ್ಬ ನರ್ಸ್ ಇರಲಿ. ‘ಎದಿ ಧಡಧಡ ಅಂತದ’ ಅನ್ನೋ ಮಾತು ಇಂಗ್ಲಿಷಿಗೆ ಹೋಗೋದರೊಳಗ ಅರ್ಧ ಸತ್ತಿರ್ತದ.

ಅಲ್ಲಿತನಕ ನಾವು ಮಾಡಬಹುದಾದದ್ದು ಇಷ್ಟು. ಗುಳಗಿ ನೀವೇ ಬಿಡಬ್ಯಾಡ್ರಿ. ಮುಂದಿನ ಸಲ ದವಾಖಾನಿಗೆ ಹೋಗುವಾಗ ಇಡೀ ಚೀಲ ಒಯ್ದು ಟೇಬಲ್ ಮ್ಯಾಲ ಸುರುವಿ ಕೇಳ್ರಿ: “ಸಾಹೇಬ್ರ, ಇವೆಲ್ಲಾ ಕೂಡಿ ನಡೀತಾವೇನ್ರಿ?”