ಬಾಂಡ್ ಬರುವ ಮುನ್ನ

ಮಗಳನ್ನು ಕೊಡುವ ಮೊದಲು ಆ ಮನೆಯವರ ಬಗ್ಗೆ ನಾಲ್ಕು ಕಡೆ ವಿಚಾರಿಸುತ್ತೇವಲ್ಲ, ಬಾಂಡ್ ಅಭಿಮಾನಿಗಳೂ ಹಾಗೇ ಮಾಡಿದರು. ಇಯಾನ್ ಫ್ಲೆಮಿಂಗ್ 1964ರಲ್ಲಿ ತೀರಿಕೊಂಡ ಮೇಲೆ ಜೇಮ್ಸ್ ಬಾಂಡ್ ಹಲವರ ಕೈ ದಾಟಿದ್ದಾನೆ. 2010ರಲ್ಲಿ ಸರದಿ ಅಮೆರಿಕದ ಜೆಫ್ರಿ ಡೀವರ್‌ನದಾಯಿತು. ಹೊಸ ಪುಸ್ತಕಕ್ಕೆ ಇನ್ನೂ ಒಂದು ವರ್ಷವಿತ್ತು. ಅಷ್ಟರಲ್ಲಿ ಈತನ ಹಳೆಯ ಕಾದಂಬರಿಗಳನ್ನು ಓದಿನೋಡೋಣವೆಂದು ಹೊರಟರು.

ಮೊದಲು ಯಾರಿಗಾದರೂ ಹೊಳೆಯುವುದು 2004ರ 'ಗಾರ್ಡನ್ ಆಫ್ ಬೀಸ್ಟ್ಸ್'. 1936ರ ಒಲಿಂಪಿಕ್ಸ್ ಹೊತ್ತಿನ ಬರ್ಲಿನ್, ನಾಜಿ ಅಧಿಕಾರಿಯೊಬ್ಬನನ್ನು ಕೊಲ್ಲಲು ಅಮೆರಿಕದಿಂದ ಬಂದ ಬಾಡಿಗೆ ಹಂತಕ. ಫ್ಲೆಮಿಂಗ್ ಹೆಸರಿನ ಬಹುಮಾನವೂ ಅದಕ್ಕೆ ಬಂದಿದೆ. ನನಗೆ ಮಾತ್ರ ಹಂತಕನಿಗಿಂತ ಅವನ ಬೆನ್ನುಹತ್ತುವ ಸಂಸಾರಸ್ಥ ಇನ್‌ಸ್ಪೆಕ್ಟರ್ ಕೋಲ್ ಹೆಚ್ಚು ಹತ್ತಿರವಾದ.

ಡೀವರ್‌ನ ನಿಜವಾದ ಗುಣ ತಿಳಿಯಬೇಕಾದರೆ 1997ರ 'ದಿ ಬೋನ್ ಕಲೆಕ್ಟರ್' ಓದಬೇಕು. ಕತ್ತಿನ ಕೆಳಗೆ ಸ್ವಾಧೀನವಿಲ್ಲದ ಲಿಂಕನ್ ರೈಮ್ ಹಾಸಿಗೆಯಲ್ಲೇ ಮಲಗಿ ಯೋಚಿಸುತ್ತಾನೆ. ಕೊಲೆಯಾದ ಜಾಗದಲ್ಲಿ ಒಬ್ಬಳೇ ನಡೆದು ಸಾಕ್ಷ್ಯ ಹೆಕ್ಕುವವಳು ಅಮೇಲಿಯಾ ಸ್ಯಾಕ್ಸ್. ಅವನು ರೇಗಿದರೆ ಇವಳೂ ಸುಮ್ಮನಿರುವವಳಲ್ಲ. ನಮ್ಮ ಮಾವನವರು ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಆ ಸಿಡುಕು, ಅದರ ಹಿಂದಿನ ನಾಚಿಕೆ ನನಗೆ ಹೊಸದಲ್ಲ. ಆಗ ನಾನು ಎದುರಾಡಲಿಲ್ಲ; ಆಡಿದ್ದರೆ ಅವರಿಗೂ ಹಗುರವಾಗುತ್ತಿತ್ತೇನೋ.

ಹೆಣ್ಣನ್ನು ಹೀಗೆ ಕೆಲಸದಲ್ಲಿ ಕಂಡವನು, ಹೆಂಗಸರನ್ನು ಅಂಗಿಯಂತೆ ಬದಲಿಸುವ ಬಾಂಡ್‌ನನ್ನು ಏನು ಮಾಡಿಯಾನು? 2011ರ 'ಕಾರ್ಟ್ ಬ್ಲಾಂಶ್'ನ ಬಾಂಡ್ ಅಫ್ಘಾನಿಸ್ತಾನದಲ್ಲಿ ಕಾದಾಡಿ ಬಂದವನು. ನಿಶ್ಚಿತಾರ್ಥ ಮುರಿದುಕೊಂಡ ಸಹೋದ್ಯೋಗಿ ಫಿಲ್ಲಿಯ ಮೇಲೆ ಮನಸ್ಸಾದರೂ ತಡೆದುಕೊಳ್ಳುತ್ತಾನೆ. ಅದು ಡೀವರ್‌ನ ಕೈ ಎಂದು ಥಟ್ಟನೆ ಗುರುತು ಸಿಕ್ಕಿತು. ಆದರೂ ಅಮೇಲಿಯಾಳಿಗೆ ಕೊಟ್ಟಷ್ಟು ಜಾಗ ಅವಳಿಗೆ ಕೊಡಲಿಲ್ಲವೆಂಬ ಬೇಸರ ನನಗಿದೆ.