ರಾಕೆಟ್ ಸಮುದ್ರಕ್ಕೆ ಬಿದ್ದ ಮೇಲೆ

ಉಡಾವಣೆ ನೋಡುವ ಹುಚ್ಚು ಹತ್ತಿದವರು ಬೆಂಕಿ ಹೊಗೆಯನ್ನು ನೋಡುವುದು ಮೊದಲ ಒಂದೆರಡು ನಿಮಿಷ ಅಷ್ಟೇ. ಆಮೇಲೆ ಅವರ ಗಮನವೆಲ್ಲ ಪರದೆಯ ಮೇಲಿನ ಗೆರೆಗಳ ಕಡೆಗೆ, ನಿಯಂತ್ರಣ ಕೊಠಡಿಯಿಂದ ಕೇಳಿಬರುವ ‘ನಾರ್ಮಲ್’ ಎಂಬ ದನಿಯ ಕಡೆಗೆ. 2025ರ ಮೇ 18ರಂದು ಬೆಳಗಿನ 5.59ಕ್ಕೆ ನಿದ್ದೆಗೆಟ್ಟು ಕೂತವರಿಗೆ ಆ ದನಿ ಅರ್ಧದಲ್ಲೇ ಕೈಕೊಟ್ಟಿತು. ಶ್ರೀಹರಿಕೋಟಾದಿಂದ ಎದ್ದ ಪಿಎಸ್‌ಎಲ್‌ವಿ-ಸಿ61ರ ಮೂರನೇ ಹಂತದಲ್ಲಿ ಮೋಟಾರಿನ ಒತ್ತಡ ಕುಸಿದಿತ್ತು. ಇಒಎಸ್-09 ಉಪಗ್ರಹ ಕಕ್ಷೆ ಸೇರಲಿಲ್ಲ. ಇಸ್ರೊ ಅಧ್ಯಕ್ಷ ವಿ. ನಾರಾಯಣನ್ ಸ್ವಲ್ಪ ಹೊತ್ತಿನಲ್ಲೇ ಅದನ್ನು ಹೇಳಿಯೂ ಬಿಟ್ಟರು.

ಜನ ಬೈಯಲಿಲ್ಲ. ಹೆಚ್ಚಿನವರು ಸಂತೈಸಿದರು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ಲ್ಯಾಂಡರ್ ಕೈತಪ್ಪಿದ ಬೆಳಗ್ಗೆ, ಬೆಂಗಳೂರಿನಲ್ಲಿ ಕಣ್ಣೀರಿಟ್ಟ ಆಗಿನ ಇಸ್ರೊ ಅಧ್ಯಕ್ಷ ಕೆ. ಶಿವನ್ ಅವರನ್ನು ಪ್ರಧಾನಿ ತಬ್ಬಿಕೊಂಡ ದೃಶ್ಯವನ್ನು ದೇಶವೇ ನೋಡಿತ್ತು. ಇಂಥ ಹೊತ್ತಿನಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ನೋಡುಗರು ಕಲಿತದ್ದು ಬಹುಶಃ ಅಲ್ಲಿಂದಲೇ.

ನಲವತ್ತಕ್ಕೂ ಹೆಚ್ಚು ವರ್ಷ ಹಿಂದೆ ಹೀಗಿರಲಿಲ್ಲ. 1979ರ ಆಗಸ್ಟ್ 10ರಂದು ಮೊದಲ ಎಸ್‌ಎಲ್‌ವಿ-3 ಹಾರಿ, 317 ಸೆಕೆಂಡುಗಳಲ್ಲಿ ಬಂಗಾಳ ಕೊಲ್ಲಿ ಸೇರಿತು. ಎಸ್‌ಎಲ್‌ವಿ ಎಂದರೆ ‘ಸೀ ಲವಿಂಗ್ ವೆಹಿಕಲ್’ ಎಂಬ ಕುಹಕ ಹುಟ್ಟಿಕೊಂಡಿತು. ಸೋಲಿನ ದಿನ ಆಗಿನ ಇಸ್ರೊ ಅಧ್ಯಕ್ಷ ಸತೀಶ್ ಧವನ್ ತಾವೇ ಪತ್ರಕರ್ತರೆದುರು ಕೂತು, ಮರುವರ್ಷ ಗೆದ್ದಾಗ ಯೋಜನೆಯ ಮುಖ್ಯಸ್ಥ ಅಬ್ದುಲ್ ಕಲಾಂ ಅವರನ್ನು ಮುಂದೆ ಬಿಟ್ಟ ಕಥೆ ಶಾಲೆ ಮಕ್ಕಳಿಗೂ ಗೊತ್ತು. ಕಥೆಯ ಇನ್ನೊಂದು ಎಳೆ ಅಷ್ಟಾಗಿ ಬಾಯಿಗೆ ಬರುವುದಿಲ್ಲ: ಕಂಪ್ಯೂಟರ್ ಉಡಾವಣೆಯನ್ನು ತಡೆದು ನಿಲ್ಲಿಸಿತ್ತು, ತಜ್ಞರ ಮಾತು ನಂಬಿ ಕಲಾಂ ಅದನ್ನು ಮೀರಿ ಮುಂದುವರಿದಿದ್ದರು, ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲ ಸೋರಿಹೋಗಿತ್ತು. ಇದನ್ನು ಮುಚ್ಚಿಡದೆ ಹೇಳಿಕೊಂಡವರು ಸ್ವತಃ ಕಲಾಂ.

ಕುಹಕದ ಬಿಸಿ ಹೆಚ್ಚು ತಟ್ಟಿದ್ದು ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರಿಗೆ. ರಾಯರು ಅಧ್ಯಕ್ಷರಾಗಿದ್ದಾಗ 1987ರ ಮಾರ್ಚ್‌ನಲ್ಲಿ ಎಸ್‌ಎಲ್‌ವಿಯ ಮುಂದಿನ ರೂಪವಾದ ಎಎಸ್‌ಎಲ್‌ವಿ ಒಂದು ಬಿತ್ತು, 1988ರ ಜುಲೈನಲ್ಲಿ ಇನ್ನೊಂದು. ಮೊದಲನೆಯದರಲ್ಲಿ ಪಕ್ಕದ ಬೂಸ್ಟರುಗಳು ಉರಿದು ಮುಗಿದರೂ ನಡುವಿನ ಮೋಟಾರು ಹೊತ್ತಿಕೊಳ್ಳಲೇ ಇಲ್ಲ. ಎರಡನೆಯದು ಗಾಳಿಯ ಹೊಡೆತಕ್ಕೆ ಹತೋಟಿ ತಪ್ಪಿತು. ಮತ್ತೆ ಹಾರಿಸುವ ಮುನ್ನ ಸುಮಾರು ನಾಲ್ಕು ವರ್ಷ ರಿಪೇರಿ ನಡೆಯಿತು. 1992ರ ಮೇ 20ರಂದು ಗೆಲುವು. ಮರುವರ್ಷ ಮೊದಲ ಪಿಎಸ್‌ಎಲ್‌ವಿಯೂ ನೀರುಪಾಲಾಯಿತು, ಈ ಬಾರಿ ಸಾಫ್ಟ್‌ವೇರ್ ತಪ್ಪು ಸೇರಿಕೊಂಡಿತ್ತು. ಆಗಿನ ನಗೆಯಲ್ಲಿ ಕೊಂಕಿತ್ತು, ಬಡ ದೇಶಕ್ಕೆ ಇದೆಲ್ಲ ಬೇಕೇ ಎಂಬ ತಾತ್ಸಾರವೂ ಇತ್ತು. ಆದರೆ ಏಕೆ ಬಿತ್ತು ಎಂಬ ಪ್ರಶ್ನೆಯನ್ನು ಅದು ಬಿಟ್ಟುಕೊಟ್ಟಿರಲಿಲ್ಲ. ಇಂದಿನ ಸಾಂತ್ವನಕ್ಕೆ ಆ ಪ್ರಶ್ನೆಯೇ ಒರಟುತನವಾಗಿ ಕಾಣುತ್ತದೆ.

ಸಾಂತ್ವನವೋ ಪ್ರಶ್ನೆಯೋ ಎಂಬ ಜಗಳ ಜಪಾನಿನಲ್ಲೂ ನಡೆಯಿತು. 2023ರ ಫೆಬ್ರುವರಿ 17ರಂದು ತನೆಗಾಶಿಮಾದಲ್ಲಿ ಎಚ್3 ರಾಕೆಟ್ಟಿನ ಎಂಜಿನ್ ಹೊತ್ತಿತು, ಬೂಸ್ಟರು ಹೊತ್ತಲಿಲ್ಲ, ರಾಕೆಟ್ ನಿಂತಲ್ಲೇ ಉಳಿಯಿತು. ಬಾಹ್ಯಾಕಾಶ ಸಂಸ್ಥೆ ಇದನ್ನು ‘ಸ್ಥಗಿತ’ ಎಂದಿತು. ಲೋಕರೂಢಿಯಲ್ಲಿ ಇದಕ್ಕೆ ಸೋಲು ಎನ್ನುತ್ತಾರೆ ಎಂದ ಪತ್ರಕರ್ತನ ಮೇಲೆ ಜನ ಮುಗಿಬಿದ್ದರು, ಕಣ್ಣು ಒರೆಸಿಕೊಂಡ ಎಂಜಿನಿಯರ್ ಪರ ನಿಂತರು. ಮೂರು ವಾರದೊಳಗೆ ಅದೇ ರಾಕೆಟ್ ಮೇಲೇರಿತು. ಎರಡನೇ ಹಂತ ಹೊತ್ತಿಕೊಳ್ಳದೆ, ಅದನ್ನು ಉಪಗ್ರಹದ ಸಮೇತ ನಾಶಪಡಿಸಬೇಕಾಯಿತು. ಈ ಸಲ ಪದದ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ.

ಇಸ್ರೊಗೆ ಬಾಯಿಬಿಟ್ಟು ಹೇಳುವುದು ಗೊತ್ತಿಲ್ಲವೆಂದಲ್ಲ. 2022ರ ಆಗಸ್ಟ್ 7ರಂದು ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟದಲ್ಲಿ, 75 ಸರ್ಕಾರಿ ಶಾಲೆಗಳ 750 ಹುಡುಗಿಯರು ಕೈಜೋಡಿಸಿದ್ದ ಆಜಾದಿಸ್ಯಾಟ್ ಉಪಗ್ರಹ ಕೂಡ ಇತ್ತು. 356 ಕಿ.ಮೀ. ಎತ್ತರದ ವೃತ್ತಾಕಾರದ ಕಕ್ಷೆಗೆ ಹೋಗಬೇಕಾದದ್ದು ಒಂದು ಬದಿಯಲ್ಲಿ 76 ಕಿ.ಮೀ.ವರೆಗೆ ಇಳಿಯುವ ದಾರಿ ಹಿಡಿದು, ಉಪಗ್ರಹಗಳು ಉಳಿಯಲಿಲ್ಲ. ಇಸ್ರೊ ಕಾರಣವನ್ನು ಬಿಡಿಸಿ ಹೇಳಿತು: ಎರಡನೇ ಹಂತ ಕಳಚಿಕೊಳ್ಳುವಾಗಿನ ನಡುಕಕ್ಕೆ ವೇಗೋತ್ಕರ್ಷ ಅಳೆಯುವ ಸಂವೇದಕಗಳು ಕ್ಷಣಕಾಲ ಅಳತೆ ತಪ್ಪಿದವು; ಅವೆಲ್ಲ ಕೆಟ್ಟವೆಂದು ಸಾಫ್ಟ್‌ವೇರ್ ತೀರ್ಮಾನಿಸಿಬಿಟ್ಟಿತು. ಆ ಹುಡುಗಿಯರಿಗೂ ಅರ್ಥವಾಗುವ ಉತ್ತರವದು. 2023ರ ಫೆಬ್ರುವರಿ 10ರಂದು ಆಜಾದಿಸ್ಯಾಟ್-2 ಕಕ್ಷೆ ಸೇರಿತು.

ಸಿ61ರ ವಿಷಯದಲ್ಲಿ ಅಂಥ ವಿವರ ಹೊರಬರಲಿಲ್ಲ. ಸಮಿತಿ ಕೂತಿತು, ವರದಿ ಒಳಗೇ ಉಳಿಯಿತು, ಸಂತೈಸಿದವರೂ ಕೇಳಲು ಹೋಗಲಿಲ್ಲ. 2026ರ ಜನವರಿ 12ರಂದು ಪಿಎಸ್‌ಎಲ್‌ವಿ-ಸಿ62 ಮೇಲೇರಿತು. ಮತ್ತೆ ಮೂರನೇ ಹಂತದ ಕೊನೆಗೇ ಎಡವಟ್ಟು. ಖಾಸಗಿ ಕಂಪನಿಗಳು ಕಟ್ಟಿದವೂ ಸೇರಿ 16 ಉಪಗ್ರಹಗಳು ಹೋದವು. ಆ ಮಧ್ಯಾಹ್ನ ಸಮಾಧಾನದ ಮಾತುಗಳಿಗಿಂತ, ಮೇ ತಿಂಗಳ ವರದಿ ಎಲ್ಲಿ ಎಂಬ ಪ್ರಶ್ನೆಯೇ ಜೋರಾಗಿ ಕೇಳಿಸಿತು. ದತ್ತಾಂಶದ ವಿಶ್ಲೇಷಣೆ ಶುರುವಾಗಿದೆ ಎಂದಿತು ಇಸ್ರೊ. ಎರಡೂ ಸಲ ಕೆಟ್ಟದ್ದು ಒಂದೇ ಭಾಗವೋ ಬೇರೆ ಬೇರೆಯೋ ಎಂಬುದನ್ನಾದರೂ ಅದು ಹೇಳಬೇಕು.