ವಾದಿಸುವ ಬಾಯಿ, ಹೊರುವ ಹೆಗಲು

ನಮ್ಮೂರ ಕಡೆ ವಕೀಲರನ್ನು ಅಳೆಯೋಕೆ ಇದ್ದದ್ದು ಒಂದೇ ಅಳತೆಗೋಲು: 'ಏನ್ ಮಾತಾಡ್ತಾನಪ್ಪ!' ಕೋರ್ಟಿನ ಮೆಟ್ಟಿಲು ಹತ್ತದವರೂ ಇದನ್ನು ಧೈರ್ಯವಾಗಿ ಹೇಳ್ತಿದ್ರು. ಅದರಲ್ಲಿ ಟೀವಿಯ ಪಾಲು ದೊಡ್ಡದು. ಟಿ. ಎನ್. ಸೀತಾರಾಮ್ ಅವರ ಧಾರಾವಾಹಿಯಲ್ಲಿ ಕೋರ್ಟ್ ಸೀನ್ ಇದೆ ಅಂದ್ರೆ ಅಡುಗೆಮನೆಯೂ ಸ್ತಬ್ಧ. 2018ರಲ್ಲಿ ಶುರುವಾದ 'ಮಗಳು ಜಾನಕಿ'ಯಲ್ಲಿ ಅವರೇ ವಕೀಲ ಸಿಎಸ್‌ಪಿ. ಟೇಬಲ್ ಕುಟ್ಟದೆ, ಕಿರುಚದೆ, ಒಂದೊಂದೇ ಪ್ರಶ್ನೆ ಕೇಳಿ ಸತ್ಯವನ್ನು ಹೊರಗೆಳೆಯುವ ಆ ಶೈಲಿ ನನಗೆ ಈಗಲೂ ಇಷ್ಟ.

ಆದ್ರೆ ಒಂದು ತಕರಾರಿದೆ. ತೆರೆಯ ಮೇಲೆ ವಕೀಲ ಅಂದ್ರೆ ಬರೀ ಬಾಯಿ. ಪಾಟೀಸವಾಲಿನಲ್ಲಿ ಗೆದ್ದರೆ ಕೇಸು ಮುಗಿದಂತೆ. ಆ ಪ್ರಶ್ನೆಗಳ ಹಿಂದಿನ ಆರು ತಿಂಗಳು, ಎದುರು ಬಿದ್ದ ಫೈಲುಗಳು, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ 'ಸಾರ್, ಏನಾಗತ್ತೆ?' ಅಂತ ಕೇಳುವ ಕಕ್ಷಿದಾರ, ಇವು ಕಥೆಯೊಳಗೆ ಬರೋದೇ ಅಪರೂಪ.

ಈಗ ಧಾರಾವಾಹಿಯ ಜಾಗಕ್ಕೆ ರೀಲ್ಸ್ ಬಂದಿದೆ. ಕರ್ನಾಟಕ ಹೈಕೋರ್ಟು ಕಲಾಪಗಳನ್ನು ಲೈವ್ ತೋರಿಸುತ್ತದೆ. ಒಳ್ಳೆಯದೇ. ಅನುಮತಿ ಇಲ್ಲದೆ ಆ ವೀಡಿಯೋ ಕತ್ತರಿಸಿ ಹಂಚಬಾರದು ಅಂತ ನಿಯಮವೂ ಇದೆ. ಆದರೂ ಕ್ಲಿಪ್‌ಗಳ ಹಾವಳಿ ಎಷ್ಟಾಯಿತೆಂದರೆ 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಕೀಲರ ಸಂಘವೇ ಹೈಕೋರ್ಟಿಗೆ ಹೋಗಿ ತಡೆ ತರಬೇಕಾಯಿತು. ಆ ಕ್ಲಿಪ್‌ಗಳ ವ್ಯಾಕರಣ ನಿಮಗೂ ಗೊತ್ತು: ನಲವತ್ತು ಸೆಕೆಂಡು, ಗದರುವ ನ್ಯಾಯಮೂರ್ತಿ, ತಲೆ ತಗ್ಗಿಸಿದ ಒಬ್ಬ ಜೂನಿಯರ್, ಮೇಲೆ ಒಂದು ಬಿಜಿಎಂ. ಧಾರಾವಾಹಿಯಲ್ಲಿ ಮಾತಾಡುವ ಬಾಯಿ ಹೀರೋ. ರೀಲ್‌ನಲ್ಲಿ ಮಾತು ನಿಂತ ಬಾಯಿ ಕಾಮಿಡಿ. ಆ ಜೂನಿಯರ್ ಯಾಕೆ ಟೈಮ್ ಕೇಳಿದ ಅನ್ನೋದು ಎಡಿಟ್‌ನಲ್ಲಿ ಹೋಯ್ತು. ಅವನ ಸೀನಿಯರ್ ಅದೇ ಹೊತ್ತಿಗೆ ಬೇರೆ ಹಾಲ್‌ನಲ್ಲಿ ವಾದಿಸುತ್ತಿರಬಹುದು. ಫೈಲು ಅವನ ಕೈಗೆ ಅವತ್ತು ಬೆಳಗ್ಗೆಯಷ್ಟೇ ಸಿಕ್ಕಿರಬಹುದು.

ಎಡಿಟ್‌ನಲ್ಲಿ ಹೋದದ್ದು ಏನು ಅಂತ ನನಗೆ ಗೊತ್ತಾಗಿದ್ದು ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ. ಅಲ್ಲೊಂದು ಅಡ್ಡರಸ್ತೆಯ ಬಟ್ಟೆ ಅಂಗಡಿಯ ಮೇಲೆ ನನ್ನ ಗೆಳೆಯ ಕೂರುವ ಚೇಂಬರ್ ಇದೆ. ಕಕ್ಷಿದಾರರಲ್ಲಿ ಹೆಚ್ಚಿನವರು ಕೆಳಗಿನ ಅಂಗಡಿಯವರೇ: ಬಾಡಿಗೆ ಜಗಳ, ತೆರವು ನೋಟಿಸು, ಪಾಲುದಾರರ ಮುನಿಸು. ಸಂಜೆ ಕೆಳಗೆ ಚೌಕಾಸಿಯ ಗದ್ದಲ ಏರಿದಾಗ ಮೇಲೆ ಮಾರನೇ ದಿನದ ಕಾಸ್ ಲಿಸ್ಟ್ ಹುಡುಕಾಟ. ಒಂದು ಕೇಸು ಮೇಯೋ ಹಾಲ್‌ನಲ್ಲಿ, ಇನ್ನೊಂದು ಹೈಕೋರ್ಟಿನಲ್ಲಿ. ಎರಡೂ ಒಂದೇ ಹೊತ್ತಿಗೆ ಕರೆದರೆ?

ನಮ್ಮ ಕೆಲಸದಲ್ಲಿ ತಪ್ಪು ಕೋಡ್ ಹೋದ್ರೆ ರೋಲ್‌ಬ್ಯಾಕ್ ಇದೆ. ಅವನಲ್ಲಿ ಎಷ್ಟೋ ಸಲ ಇಲ್ಲ. ಕಮರ್ಷಿಯಲ್ ದಾವೆಯಲ್ಲಿ ಸಮನ್ಸ್ ತಲುಪಿದ 120 ದಿನದೊಳಗೆ ಪ್ರತಿವಾದಿಯ ಲಿಖಿತ ಹೇಳಿಕೆ ಹೋಗದಿದ್ದರೆ ಆ ಹಕ್ಕೇ ಹೋಯಿತು. ದಿನ ಎಣಿಸುವವನು ವಕೀಲ, ಅಂಗಡಿ ಕಳೆದುಕೊಳ್ಳುವವನು ಇನ್ನೊಬ್ಬ. ಇದನ್ನು ಮನೆಯಲ್ಲಿ ಹೇಳಿ ಹಗುರಾಗೋಣ ಅಂದ್ರೆ, ಕಕ್ಷಿದಾರ ನಂಬಿ ಹೇಳಿದ್ದನ್ನು ವಕೀಲ ಹೊರಗೆ ಬಿಡುವಂತಿಲ್ಲ. ತೆರೆಯ ವಕೀಲ ಎಲ್ಲವನ್ನೂ ತುಂಬಿದ ಕೋರ್ಟಿನಲ್ಲಿ ಆಡಿ ಮುಗಿಸುತ್ತಾನೆ. ನಿಜದ ವಕೀಲನ ಕೆಲಸದಲ್ಲಿ ಅರ್ಧ, ಆಡದೆ ಇಟ್ಟುಕೊಳ್ಳೋದು.

ಇದು ಒಬ್ಬನ ಗೋಳಲ್ಲ. ಇಂಟರ್‌ನ್ಯಾಷನಲ್ ಬಾರ್ ಅಸೋಸಿಯೇಷನ್ 2021ರಲ್ಲಿ ಪ್ರಕಟಿಸಿದ ಜಾಗತಿಕ ಅಧ್ಯಯನದಲ್ಲಿ, ಕೆಲಸ ತಮ್ಮ ಮನಸ್ಸಿನ ನೆಮ್ಮದಿ ಕೆಡಿಸುತ್ತಿದೆ ಎಂದವರು ಮೂವರಲ್ಲಿ ಒಬ್ಬರು. ನಮ್ಮಲ್ಲಿ ಬರ್ನೌಟ್ ಅಂದ್ರೆ ಎಚ್‌ಆರ್ ಒಂದು ವೆಬಿನಾರ್ ಆದ್ರೂ ಇಡ್ತಾರೆ. ಜೂನಿಯರ್ ವಕೀಲನಿಗೆ ಎಚ್‌ಆರ್ ಇಲ್ಲ, ಸಿಕ್ ಲೀವ್ ಇಲ್ಲ, ಹಲವರಿಗೆ ಖಚಿತ ಸಂಬಳವೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಗರದ ಜೂನಿಯರ್‌ಗಳಿಗೆ ತಿಂಗಳಿಗೆ ಕನಿಷ್ಠ 20,000, ಹಳ್ಳಿ ಕಡೆಯವರಿಗೆ 15,000 ರೂಪಾಯಿ ಕೊಡಿ ಎಂದಿತು. ಅದು ಶಿಫಾರಸು, ಕಡ್ಡಾಯವಲ್ಲ. ನಮ್ಮ ರಾಜ್ಯ 2023ರಲ್ಲಿ ವಕೀಲರ ಮೇಲಿನ ಹಿಂಸೆ ತಡೆಯೋಕೆ ಕಾಯ್ದೆಯನ್ನೂ ಮಾಡಿತು. ಬೇಕಾಗಿತ್ತು. ಆದರೆ ಆ ಕಾಯ್ದೆ ಹೊರಗಿಂದ ಬೀಳುವ ಏಟಿಗೆ. ಒಳಗೇ ಸವೆಯುವವರಿಗೆ ಅದರಲ್ಲಿ ಏನಿದೆ?

'ಸೀನಿಯರ್‌ಗಳೂ ಹೀಗೇ ಬೆಳೆದದ್ದು' ಅನ್ನುವ ಉತ್ತರ ಸಿದ್ಧವಾಗಿರುತ್ತೆ. ನಿಜ, ಬೆಳೆದವರು ಬೆಳೆದರು. ನಡುವೆ ಬಿಟ್ಟುಹೋದವರು ಈ ಮಾತಿಗೆ ಸಾಕ್ಷಿ ಹೇಳೋಕೆ ಬರೋದಿಲ್ಲ. ತೆರೆಯೂ ಗೆದ್ದವರನ್ನೇ ತೋರಿಸುತ್ತದೆ.

ಕೋರ್ಟಿನ ಕಥೆ ಬರೆಯುವವರಿಗೆ ನನ್ನ ಬೇಡಿಕೆ ಸಣ್ಣದು. ಮುಂದಿನ ಸಿಎಸ್‌ಪಿ ವಾದಿಸಲಿ, ಗೆಲ್ಲಲಿ. ಆದರೆ ಅವರ ಹಿಂದೆ ಫೈಲು ಹಿಡಿದು ನಿಂತಿರುವ ಹುಡುಗಿಗೊಂದು ಹೆಸರು ಕೊಡಿ, ಒಂದು ರಾತ್ರಿ ಕೊಡಿ, 'ನನಗೆ ಆಗ್ತಿಲ್ಲ ಸಾರ್' ಅನ್ನುವ ಒಂದು ಸಾಲು ಕೊಡಿ. ಸಿಎಸ್‌ಪಿ ಅದನ್ನು ಸಾಕ್ಷಿಯ ಮಾತು ಕೇಳುವಷ್ಟೇ ತಾಳ್ಮೆಯಿಂದ ಕೇಳಲಿ.